ಬೆಂಕಿಪೊಟ್ಟಣ ರಿವ್ಯೂ: ನನ್ನ ಮಾರ್ಕ್ಸು ಕಡ್ಡಿಗಲ್ಲ, ಪಕ್ಕದ ಕಂದು ಪಟ್ಟಿಗೆ

ಕಡ್ಡಿ ಮುರಿದ ಹಾಗೆ ಹೇಳಿಬಿಡ್ತೀನಿ. ಬೆಂಕಿಪೊಟ್ಟಣ ಕೊಳ್ಳೋವಾಗ ನಾವೆಲ್ಲ ನೋಡೋದು ಕಡ್ಡಿನ, ಎಷ್ಟಿದೆ, ದಪ್ಪ ಇದೆಯಾ, ತಲೆ ಸರಿಯಾಗಿ ಕೂತಿದೆಯಾ ಅಂತ. ಆದ್ರೆ ಸೇಫ್ಟಿ ಮ್ಯಾಚ್ ಅನ್ನೋ ವಸ್ತುವಿನಲ್ಲಿ ಕಡ್ಡಿ ಅರ್ಧ ಮಾತ್ರ, ಇನ್ನರ್ಧ ಇರೋದು ಪೊಟ್ಟಣದ ಪಕ್ಕಕ್ಕೆ ಬಳಿದಿರೋ ಆ ಒರಟು ಕಂದು ಪಟ್ಟಿಯಲ್ಲಿ. ಆ ಪಟ್ಟಿಯೊಳಗೆ ಏನಿದೆ, ಅದು ಅಲ್ಲಿಗೆ ಬರೋಕೆ ಎಷ್ಟು ವರ್ಷ ಹಿಡೀತು, ಎಷ್ಟು ಜನ ಅದಕ್ಕೋಸ್ಕರ ನರಳಿದ್ರು ಅಂತ ತಿಳಿದ ಮೇಲೆ ಅದನ್ನ ಬರೀ ಪ್ಯಾಕಿಂಗ್ ಅಂತ ನೋಡೋಕೆ ನನ್ನ ಕೈಲಿ ಆಗ್ತಿಲ್ಲ, ಹಾಗಾಗಿ ರಿವ್ಯೂ ಸ್ವಲ್ಪ ಉದ್ದ ಆಗತ್ತೆ.

ಮೊದಲು ವಸ್ತು. ಒಂದು ಕಡ್ಡಿ ಗೀರಿ, ಆದ್ರೆ ಉರಿ ಮೇಲೆ ಕಣ್ಣಿಡಬೇಡಿ, ಗೀರುವ ಜಾಗ ನೋಡಿ. ಚರ್ ಅಂತ ಶಬ್ದ ಬರೋ ಆ ಗಳಿಗೆಯಲ್ಲಿ ಪಟ್ಟಿ ಮೇಲೇ ಸಣ್ಣ ಕಿಡಿಗಳ ಒಂದು ಗೆರೆ ಮೂಡತ್ತೆ, ಆಮೇಲೆ ತಲೆ ಭುಸ್ ಅಂತ ಕಣ್ಣು ಕುಕ್ಕೋ ಹಾಗೆ ಬೆಳ್ಳಗೆ ಹೊತ್ತಿಕೊಳ್ಳತ್ತೆ, ಮೂಗಿಗೆ ಘಾಟು ಹೊಡಿಯತ್ತೆ, ಒಂದು ಕ್ಷಣ ಬಿಟ್ಟು ಉರಿ ಹಳದಿ ಬಣ್ಣಕ್ಕೆ ತಿರುಗಿ ಮರಕ್ಕೆ ಇಳಿದು ಶಾಂತವಾಗಿ ಉರಿಯೋಕೆ ಶುರು ಮಾಡತ್ತೆ. ಕಣ್ಣು ಮಿಟುಕಿಸೋದರೊಳಗೆ ಮುಗಿದುಹೋಗೋ ಇಷ್ಟರಲ್ಲಿ ಮೂರು ಬೇರೆ ಬೇರೆ ಕೆಲಸ ಆಗಿರತ್ತೆ. ಪಟ್ಟಿಯಲ್ಲಿ ಇರೋದು ಕೆಂಪು ಫಾಸ್ಫರಸ್, ಗಾಜಿನ ಪುಡಿ, ಅಂಟು. ಕಡ್ಡಿ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ, ಮತ್ತೆ ಅಂಟು. ಗೀರಿದಾಗ ಉಜ್ಜಿ ಬರೋ ಶಾಖಕ್ಕೆ ಪಟ್ಟಿಯ ಕೆಂಪು ಫಾಸ್ಫರಸ್ಸಿನ ಒಂದೇ ಒಂದು ಚೂರು ಬಿಳಿ ಫಾಸ್ಫರಸ್ ಆಗಿ ಬದಲಾಗಿ ಹೊತ್ತಿಕೊಳ್ಳತ್ತೆ, ಆ ಬಿಸಿಗೆ ತಲೆಯಲ್ಲಿರೋ ಕ್ಲೋರೇಟ್ ಆಮ್ಲಜನಕ ಬಿಡತ್ತೆ, ಗಂಧಕ ಉರಿಯತ್ತೆ, ಆ ಘಾಟು ಅದರದ್ದೇ. ಮರಕ್ಕೆ ಉರಿ ಸಲೀಸಾಗಿ ದಾಟಲಿ ಅಂತ ಕಡ್ಡಿಯ ತುದಿನ ಮೊದಲೇ ಪ್ಯಾರಾಫಿನ್ ಮೇಣದಲ್ಲಿ ಅದ್ದಿರ್ತಾರೆ, ಆರಿಸಿದ ಮೇಲೆ ಕೆಂಡ ಉಳೀಬಾರದು ಅಂತ ಅಮೋನಿಯಂ ಫಾಸ್ಫೇಟ್ ದ್ರಾವಣ ಕುಡಿಸಿರ್ತಾರೆ. ಊದಿದ ತಕ್ಷಣ ಒಳ್ಳೆ ಕಡ್ಡಿ ಕಪ್ಪಗಾಗಿ ಸುಮ್ಮನಾಗೋದು ಇದರಿಂದ. ಅಷ್ಟು ಸಣ್ಣ ತುಂಡು ಮರದ ಮೇಲೆ ಇಷ್ಟೊಂದು ಯೋಚನೆ ಮಾಡಿದಾರಲ್ಲ, ನನಗೆ ನಿಜವಾಗಲೂ ಗೌರವ ಬರತ್ತೆ.

ಈ ಎರಡು ಭಾಗ ಬೀಗ ಮತ್ತು ಕೀಲಿಕೈ ಇದ್ದ ಹಾಗೆ, ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬರಲ್ಲ. ಸೇಫ್ಟಿ ಮ್ಯಾಚ್ ಕಡ್ಡಿನ ಗೋಡೆಗೆ ಉಜ್ಜಿ, ಕಲ್ಲಿಗೆ ಉಜ್ಜಿ, ಸಾಮಾನ್ಯವಾಗಿ ಹತ್ತಲ್ಲ, ತಲೆ ಪುಡಿಯಾಗಿ ಉದುರತ್ತೆ ಅಷ್ಟೇ. ಜೇಬಲ್ಲಿ ಒಂದಕ್ಕೊಂದು ತಿಕ್ಕಿದರೂ ಹಾಗೇ. ಬೆಂಕಿಗೆ ಬೇಕಾಗಿರೋ ಸಾಮಾನನ್ನ ಎರಡು ಪಾಲು ಮಾಡಿ ಎರಡು ಕಡೆ ಇಟ್ಟು, ನಾವು ಬೇಕು ಅಂದಾಗ ಮಾತ್ರ ಸೇರೋ ಹಾಗೆ ಮಾಡಿರೋದೇ ಈ ವಸ್ತುವಿನ ಜೀವಾಳ.

ಹಾಗಂತ ಇದು ಮೊದಲ ಕಡ್ಡಿ ಏನಲ್ಲ. ಇದಕ್ಕೂ ಮುಂಚೆ ಜನ ಏನೇನೋ ಮಾಡಿ ನೋಡಿದಾರೆ. 1669ರಲ್ಲಿ ಹ್ಯಾಂಬರ್ಗ್‌ನಲ್ಲಿ ಹೆನ್ನಿಗ್ ಬ್ರಾಂಡ್ ಅನ್ನೋನು ಚಿನ್ನ ಮಾಡ್ತೀನಿ ಅಂತ ಮೂತ್ರ ಕುದಿಸಿ ಕುದಿಸಿ ಕೊನೆಗೆ ಸಿಕ್ಕಿದ್ದು ಕತ್ತಲಲ್ಲಿ ಹೊಳೆಯೋ ಫಾಸ್ಫರಸ್. 1805ರಲ್ಲಿ ಪ್ಯಾರಿಸ್‌ನ ಜಾನ್ ಶಾನ್ಸೆಲ್, ಕ್ಲೋರೇಟ್ ಮತ್ತೆ ಸಕ್ಕರೆ ಹಚ್ಚಿದ ಕಡ್ಡಿನ ಸಲ್ಫ್ಯೂರಿಕ್ ಆಸಿಡ್ ಇರೋ ಸೀಸೆಯಲ್ಲಿ ಅದ್ದಿ ಉರಿಸಿದ. ಕೆಲಸ ಮಾಡ್ತಿತ್ತು, ಆದ್ರೆ ದೀಪ ಹಚ್ಚೋಕೆ ಆಸಿಡ್ ಬಾಟಲಿ ಕೈಯಲ್ಲಿ ಹಿಡಕೊಂಡು ಓಡಾಡಬೇಕು. ಇನ್ನೊಂದು ವಿಷಯ ಕೇಳಿದ್ರೆ ಬಹಳ ಜನ ನಂಬಲ್ಲ, ಗೀರೋ ಕಡ್ಡಿಗಿಂತ ಲೈಟರ್ ಹಳೇದು. ಜರ್ಮನಿಯ ಡೊಬರೈನರ್ 1823ರಲ್ಲೇ ಸತು ಮತ್ತು ಆಸಿಡ್ ಸೇರಿಸಿ ಹೈಡ್ರೋಜನ್ ಬರಿಸಿ, ಅದನ್ನ ಪ್ಲಾಟಿನಂ ಮೇಲೆ ಹಾಯಿಸಿ ಉರಿ ತರಿಸೋ ಯಂತ್ರ ಮಾಡಿದ್ದ. ಮೇಜಿನ ಮೇಲೆ ಇಡೋ ಸಾಮಾನು ಅದು, ಜೇಬಿನದ್ದಲ್ಲ.

ಉಜ್ಜಿದರೆ ಹತ್ತೋ ಕಡ್ಡಿ ಮಾಡಿ ಮಾರಿದ್ದು ಇಂಗ್ಲೆಂಡಿನ ಸ್ಟಾಕ್‌ಟನ್-ಆನ್-ಟೀಸ್ ಊರಿನ ಔಷಧಿ ಅಂಗಡಿಯವನು, ಜಾನ್ ವಾಕರ್. ಅವನ ಲೆಕ್ಕದ ಪುಸ್ತಕದಲ್ಲಿ ಮೊದಲ ಮಾರಾಟ 1827ರ ಏಪ್ರಿಲ್ 7ಕ್ಕೆ ಬರೆದಿದೆ. ಆಂಟಿಮನಿ ಸಲ್ಫೈಡ್, ಪೊಟ್ಯಾಸಿಯಂ ಕ್ಲೋರೇಟ್, ಅಂಟು, ಜೊತೆಗೆ ಮಡಚಿದ ಒಂದು ತುಂಡು ಸ್ಯಾಂಡ್ ಪೇಪರ್, ಅದರ ಮಡಿಕೆಯೊಳಗೆ ಕಡ್ಡಿ ಇಟ್ಟು ಒತ್ತಿ ಎಳೀಬೇಕು. ಪೇಟೆಂಟ್ ಮಾಡಿಸ್ಲಿಲ್ಲ ಅವನು. ಲಂಡನ್ನಿನ ಸ್ಯಾಮ್ಯುಯಲ್ ಜೋನ್ಸ್ ಅದನ್ನೇ ಲೂಸಿಫರ್ ಅಂತ ಹೆಸರಿಟ್ಟು ಮಾರಿದ. ವಾಕರ್ ಕಡ್ಡಿಯ ತೊಂದರೆ ಅಂದ್ರೆ ಜೋರಾಗಿ ಎಳೀಬೇಕು, ಕಿಡಿ ಸಿಡಿಯತ್ತೆ, ಕೆಲವು ಸಲ ಉರಿಯೋ ತಲೆನೇ ಕಳಚಿ ಕೆಳಗೆ ಬೀಳತ್ತೆ.

ಇದಕ್ಕೆ ಪರಿಹಾರ ಅಂತ ಬಂದದ್ದೇ ದೊಡ್ಡ ಕೇಡು ಆಯ್ತು. 1830ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಸೋರಿಯಾ ತಲೆಗೆ ಬಿಳಿ ಫಾಸ್ಫರಸ್ ಸೇರಿಸಿದ. ಕಡ್ಡಿ ಎಲ್ಲಿ ಉಜ್ಜಿದರೂ ಹತ್ತತ್ತೆ, ಗೋಡೆಗೆ, ಬೂಟಿಗೆ, ಎಲ್ಲಿ ಬೇಕಾದ್ರೂ. ಜನ ಖುಷಿಯಾದ್ರು, ಯೂರೋಪಿನ ತುಂಬ ಫ್ಯಾಕ್ಟರಿ ಎದ್ದವು. ಬಿಳಿ ಫಾಸ್ಫರಸ್ ವಿಷ, ಮೈ ಬಿಸಿಗಿಂತ ಅಷ್ಟೇನೂ ಜಾಸ್ತಿ ಇಲ್ಲದ ಶಾಖಕ್ಕೇ ಹೊತ್ತಿಕೊಳ್ಳೋ ಪದಾರ್ಥ. ಅದರ ಹೊಗೆ ಕುಡೀತಾ ದಿನಗಟ್ಟಲೆ ಕಡ್ಡಿ ಅದ್ದುತ್ತಿದ್ದ ಕೆಲಸಗಾರರಿಗೆ, ಅದರಲ್ಲಿ ಹೆಂಗಸರು ಮಕ್ಕಳೇ ಜಾಸ್ತಿ, ದವಡೆ ಮೂಳೆ ಕೊಳೆಯೋ ರೋಗ ಬಂತು. ಮೊದಲು ಹಲ್ಲುನೋವು, ಆಮೇಲೆ ಬಾವು, ಕೀವು, ಮೂಳೆ ಸತ್ತು ಹೋಗೋದು, ಉಳಿಬೇಕು ಅಂದ್ರೆ ದವಡೆನೇ ತೆಗೆಸಬೇಕು. ಊಟ ಕೂಡ ಕೆಲಸದ ಜಾಗದಲ್ಲೇ, ಅದೇ ಕೈಯಲ್ಲೇ. ಇದನ್ನ ಬರೆಯೋವಾಗ ನನಗೆ ಸಂಕಟ ಆಗತ್ತೆ, ಆದ್ರೆ ಈ ವಸ್ತುವಿನ ಗುಣ ದೋಷ ಹೇಳೋಕೆ ಕೂತವರು ಇದನ್ನ ಬಿಟ್ಟು ಬರೆಯೋದು ಸರಿಯಲ್ಲ.

ಬಿಳಿ ಫಾಸ್ಫರಸ್ಸನ್ನ ಗಾಳಿ ತಾಗದ ಹಾಗೆ ಕಾಯಿಸಿದರೆ ಅದು ಕೆಂಪಾಗತ್ತೆ, ಸಾಧು ಆಗತ್ತೆ, ಹೊತ್ತಿಕೊಳ್ಳೋಕೆ ಇನ್ನೂರು ಡಿಗ್ರಿಗೂ ಮೇಲೆ ಶಾಖ ಬೇಕು, ಬಿಳಿಯದರ ಹಾಗೆ ವಿಷ ಅಲ್ಲ. ಅದು ಫಾಸ್ಫರಸ್ಸಿನದೇ ಇನ್ನೊಂದು ರೂಪ ಅಂತ 1840ರ ದಶಕದಲ್ಲಿ ವಿಯೆನ್ನಾದ ಆಂಟನ್ ಶ್ರೋಟರ್ ತೋರಿಸಿಕೊಟ್ಟ. ಅದೇ ದಶಕದಲ್ಲಿ, 1844ಕ್ಕೆ, ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ ಫಾಸ್ಫರಸ್ಸನ್ನ ಕಡ್ಡಿಯಿಂದ ತೆಗೆದು ಗೀರೋ ಪಟ್ಟಿಗೆ ಹಾಕೋ ಪೇಟೆಂಟ್ ಪಡೆದ. ಆ ಕೆಂಪು ಫಾಸ್ಫರಸ್ ಆಗ ಸುಲಭಕ್ಕೆ ಸಿಗ್ತಿರಲಿಲ್ಲ, ವ್ಯಾಪಾರವಾಗಿ ಅದು ಕೈಗೂಡಲಿಲ್ಲ. ಕೈಗೂಡಿಸಿದ್ದು ಯೋನ್‌ಶೋಪಿಂಗ್ ಊರಿನ ಲುಂಡ್‌ಸ್ಟ್ರೋಮ್ ಅಣ್ಣತಮ್ಮಂದಿರು, 1850ರ ದಶಕದಲ್ಲಿ. 1855ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಆ ಪೊಟ್ಟಣಕ್ಕೆ ಪದಕ ಬಂತು. ಆ ಊರಲ್ಲಿ ಈಗ ಬೆಂಕಿಪೊಟ್ಟಣದ್ದೇ ಮ್ಯೂಸಿಯಂ ಇದೆ.

ಅಂದ್ರೆ 1855ಕ್ಕೇ ಒಳ್ಳೆ ವಸ್ತು ರೆಡಿ ಇತ್ತು! ಅಷ್ಟೇ ಅಲ್ಲ, ಬ್ರಿಟನ್ನಿನಲ್ಲಿ ಅದನ್ನ ಮಾಡೋ ಹಕ್ಕನ್ನ ಬ್ರಯಂಟ್ ಅಂಡ್ ಮೇ ಕಂಪನಿ ಅದೇ ವರ್ಷ ಕೊಂಡುಕೊಂಡಿತ್ತು. ಹಾಗಿದ್ದೂ ಅದೇ ಕಂಪನಿ ಬಿಳಿ ಫಾಸ್ಫರಸ್ ಕಡ್ಡಿ ಮಾಡೋದು ನಿಲ್ಲಿಸಿದ್ದು 1901ಕ್ಕೆ. ಕಾರಣ ಏನೂ ಗುಟ್ಟಿಲ್ಲ, ಬಿಳಿಯದು ಅಗ್ಗ, ಮತ್ತೆ ಎಲ್ಲಿ ಬೇಕಾದರೂ ಗೀರಬಹುದಲ್ಲ ಅನ್ನೋ ಅನುಕೂಲ ಬಿಡೋಕೆ ಕೊಳ್ಳೋರಿಗೂ ಮನಸ್ಸಿರಲಿಲ್ಲ. ಮಧ್ಯದಲ್ಲಿ 1888ರ ಜುಲೈನಲ್ಲಿ ಲಂಡನ್ನಿನ ಬೋ ಪ್ರದೇಶದ ಆ ಫ್ಯಾಕ್ಟರಿಯಿಂದ ಸುಮಾರು 1400 ಕೆಲಸಗಾರರು, ಬಹುಪಾಲು ಹುಡುಗಿಯರು, ಕೆಲಸ ಬಿಟ್ಟು ಹೊರಗೆ ಬಂದ್ರು. ದಂಡ ಹಾಕಿ ಕೂಲಿ ಕತ್ತರಿಸೋದು, ಉದ್ದುದ್ದ ಪಾಳಿ, ಕಂಪನಿ ವಿರುದ್ಧ ಮಾತಾಡಿದವರನ್ನ ತೆಗೆಯೋದು, ಎಲ್ಲಾ ಸೇರಿ ಹೊತ್ತಿಕೊಂಡ ಮುಷ್ಕರ ಅದು. ಆನಿ ಬೆಸೆಂಟ್ ಅದರ ಹಿಂದಿನ ತಿಂಗಳಷ್ಟೇ ಅಲ್ಲಿನ ಸ್ಥಿತಿ ಬಗ್ಗೆ ಪತ್ರಿಕೆಯಲ್ಲಿ ಬರೆದಿದ್ರು. ಮುಷ್ಕರ ಗೆದ್ದಿತು, ದಂಡ ಹೋಯ್ತು, ಊಟಕ್ಕೆ ಬೇರೆ ಕೋಣೆ ಬಂತು, ಆದ್ರೆ ಬಿಳಿ ಫಾಸ್ಫರಸ್ ಉಳೀತು. 1891ರಲ್ಲಿ ಸಾಲ್ವೇಶನ್ ಆರ್ಮಿ ಅನ್ನೋ ಕ್ರೈಸ್ತ ಸೇವಾ ಸಂಸ್ಥೆಯವರು ಲಂಡನ್ನಿನಲ್ಲೇ ಕೆಂಪು ಫಾಸ್ಫರಸ್ ಬಳಸೋ ಫ್ಯಾಕ್ಟರಿ ತೆರೆದು, ವಿಷ ಇಲ್ಲದೆಯೂ ಮಾಡಬಹುದು, ಕೂಲಿನೂ ಜಾಸ್ತಿ ಕೊಡಬಹುದು ಅಂತ ಮಾಡಿ ತೋರಿಸಿದ್ರು.

ಫಿನ್ಲೆಂಡ್ 1872ಕ್ಕೇ ಬಿಳಿ ಫಾಸ್ಫರಸ್ ಕಡ್ಡಿ ನಿಷೇಧಿಸಿತ್ತು, ಡೆನ್ಮಾರ್ಕ್ 1874ಕ್ಕೆ. ದೇಶ ದೇಶಗಳು ಸೇರಿ ಬರ್ನ್ ಒಪ್ಪಂದ ಮಾಡಿಕೊಂಡದ್ದು 1906ಕ್ಕೆ, ಬ್ರಿಟನ್ನಿನಲ್ಲಿ ಪೂರ್ತಿ ನಿಂತದ್ದು 1910ರ ಕೊನೆಗೆ. ಅಮೆರಿಕದಲ್ಲಿ ಬಿಳಿ ಫಾಸ್ಫರಸ್ ಬದಲು ಬಳಸಬಹುದಾದ ಇನ್ನೊಂದು ರಾಸಾಯನಿಕದ ಪೇಟೆಂಟ್ ಇದ್ದ ಡೈಮಂಡ್ ಮ್ಯಾಚ್ ಕಂಪನಿ 1911ರಲ್ಲಿ ಆ ಹಕ್ಕನ್ನೇ ಬಿಟ್ಟುಕೊಟ್ಟಿತು, ಯಾರು ಬೇಕಾದರೂ ಮಾಡಿಕೊಳ್ಳಲಿ ಅಂತ, ಮಾರನೇ ವರ್ಷ ಸರ್ಕಾರ ಬಿಳಿಯದರ ಮೇಲೆ ಭಾರೀ ತೆರಿಗೆ ಹೇರಿ ಅದನ್ನ ಮುಗಿಸಿತು. ಲೆಕ್ಕ ಹಾಕಿ, ಪದಕ ಬಂದ ವರ್ಷದಿಂದ ಬ್ರಿಟನ್ನಿನ ನಿಷೇಧದವರೆಗೆ 55 ವರ್ಷ. ಹೊಸದನ್ನ ಕಂಡುಹಿಡಿಯೋದು ಕಷ್ಟ ಅಂತೀವಿ, ಕಂಡುಹಿಡಿದಿದ್ದನ್ನ ಬಳಕೆಗೆ ತರೋಕೆ ಅದಕ್ಕಿಂತ ಜಾಸ್ತಿ ಜಗಳ ಆಡಬೇಕಾಯ್ತು ಇಲ್ಲಿ. ನಾನು ಪಟ್ಟಿಗೆ ಮಾರ್ಕ್ಸು ಕೊಡ್ತಿರೋದು ಇದೇ ಕಾರಣಕ್ಕೆ.

ಈಗ ಬಳಕೆ ವಿಷಯ. ಒಳಗಿನ ತಟ್ಟೆ ಜಾರೋ ಹಾಗಿರೋ ಪೊಟ್ಟಣ ಬಹಳ ಜಾಣ ವಿನ್ಯಾಸ, ಒಂದು ಕೈಯ ಹೆಬ್ಬೆರಳಿಂದ ತಳ್ಳಿದರೆ ತೆರೆಯತ್ತೆ, ಕತ್ತಲಲ್ಲೂ ಆಗತ್ತೆ, ಕರೆಂಟ್ ಹೋದಾಗ ತಡಕಾಡಿ ಹುಡುಕಿದರೂ ಬೆರಳಿಗೆ ಒರಟು ಪಟ್ಟಿ ಸಿಕ್ಕ ಕೂಡಲೇ ಎಲ್ಲಿ ಗೀರಬೇಕು ಅಂತ ಗೊತ್ತಾಗತ್ತೆ. ಬ್ಯಾಟರಿ ಬೇಡ, ಗ್ಯಾಸ್ ತುಂಬೋದು ಬೇಡ, ಒಣಗಿರೋ ಜಾಗದಲ್ಲಿ ಇಟ್ಟರೆ ವರ್ಷಗಟ್ಟಲೆ ಹಾಗೇ ಇರತ್ತೆ.

ದೂರು ಇಲ್ಲ ಅಂತಲ್ಲ. ನಾನು ಇತ್ತೀಚೆಗೆ ಬಳಸಿದ ಒಂದು ಬ್ರ್ಯಾಂಡ್‌ನಲ್ಲಿ ಪಟ್ಟಿನ ಎಷ್ಟು ತೆಳ್ಳಗೆ ಬಳಿದಿದ್ರು ಅಂದ್ರೆ ಪೊಟ್ಟಣದಲ್ಲಿ ಕಾಲು ಭಾಗ ಕಡ್ಡಿ ಉಳಿದಿರೋವಾಗಲೇ ಪಟ್ಟಿ ಸವೆದು ಬಿಳಿ ಕಾಗದ ಕಾಣೋಕೆ ಶುರುವಾಯ್ತು, ಉಳಿದ ಕಡ್ಡಿಗಳಿಗೆ ಬೇರೆ ಪೊಟ್ಟಣದ ಪಟ್ಟಿ ಹುಡುಕಬೇಕಾಯ್ತು. ಇದು ನನ್ನ ದೃಷ್ಟಿಯಲ್ಲಿ ಸಣ್ಣ ತಪ್ಪಲ್ಲ, ಅರ್ಧ ವಸ್ತು ಕೊಟ್ಟು ಪೂರ್ತಿ ದುಡ್ಡು ತಗೊಂಡ ಹಾಗೆ. ತಲೆ ಗೀರುವಾಗ ಮುರಿದು ಉರೀತಾನೇ ಹಾರೋ ಕಡ್ಡಿ ಇನ್ನೂ ಕೆಟ್ಟದ್ದು, ವಾಕರ್ ಕಾಲದ ಖಾಯಿಲೆ ಈಗಲೂ ಇರಬಾರದು. ತೇವ ಇದರ ಪರಮ ಶತ್ರು, ಅಂಟು ಮೆತ್ತಗಾದ್ರೆ ತಲೆ ಗೀರಿದಲ್ಲೇ ಮೆತ್ತಿಕೊಳ್ಳತ್ತೆ, ಪಟ್ಟಿನೂ ಹಾಳು.

ಬೇರೆಯದರ ಜೊತೆ ಹೋಲಿಸಿದರೆ, ಲೈಟರ್ ವೇಗ, ಗಾಳಿಯಲ್ಲಿ ಪದೇ ಪದೇ ಪ್ರಯತ್ನಿಸಬಹುದು, ಒಪ್ತೀನಿ, ಆದ್ರೆ ಆಳದ ಗಾಜಿನೊಳಗಿರೋ ಮೇಣದಬತ್ತಿಗೆ ಲೈಟರ್ ಬಗ್ಗಿಸಿದರೆ ಉರಿ ಬರೋದು ನಿಮ್ಮ ಹೆಬ್ಬೆರಳ ಕಡೆಗೇ, ಅಲ್ಲಿ ಉದ್ದ ಕಡ್ಡಿಗೆ ಸಮ ಇಲ್ಲ. ಕಾಗದದ ಮಡಿಕೆ ಮ್ಯಾಚ್‌ಬುಕ್ ಇದೆಯಲ್ಲ, ಅಮೆರಿಕದ ವಕೀಲ ಜೋಶುವಾ ಪ್ಯೂಸಿ 1892ರಲ್ಲಿ ಪೇಟೆಂಟ್ ಮಾಡಿಸಿದ್ದು, ಅದರಲ್ಲಿ ಮೊದಲು ಪಟ್ಟಿ ಒಳಗಡೆ ಕಡ್ಡಿ ಪಕ್ಕದಲ್ಲೇ ಇತ್ತು, ಒಂದು ಗೀರಿದರೆ ಎಲ್ಲಾ ಒಟ್ಟಿಗೆ ಹೊತ್ತಿಕೊಳ್ಳೋ ಅಪಾಯ. ಆಮೇಲೆ ಹೊರಗೆ ಹಾಕಿದ್ರು, ಅಮೆರಿಕದಲ್ಲಿ ಹಿಂಬದಿಗೆ ಹೋಗಿದ್ದು 1970ರ ದಶಕದಲ್ಲಿ. ಮರದ ಕಡ್ಡಿಯ ಪೊಟ್ಟಣಕ್ಕೇ ನನ್ನ ಓಟು. ಎಲ್ಲಿ ಬೇಕಾದರೂ ಗೀರೋ ಕಡ್ಡಿ ಈಗಲೂ ಕೆಲವು ಕಡೆ ಸಿಗತ್ತೆ, ವಿಷದ ಬಿಳಿ ಫಾಸ್ಫರಸ್ ಅದರಲ್ಲಿಲ್ಲ, ಆದ್ರೂ ಮಕ್ಕಳಿರೋ ಮನೆಗೆ ನಾನಂತೂ ಬೇಡ ಅಂತೀನಿ.

5ಕ್ಕೆ 4.5 ಸ್ಟಾರ್. ಅರ್ಧ ಕಡಿಮೆ ಮಾಡಿದ್ದು ತೆಳ್ಳಗೆ ಪಟ್ಟಿ ಬಳಿಯೋ ತಯಾರಕರಿಗೋಸ್ಕರ. ಕೊಳ್ಳೋವಾಗ ಪೊಟ್ಟಣ ಕೈಯಲ್ಲಿ ತಿರುಗಿಸಿ ಎರಡೂ ಪಕ್ಕ ಪಟ್ಟಿ ಇದೆಯಾ, ಬಣ್ಣ ಒಂದೇ ಸಮ ಗಾಢವಾಗಿದೆಯಾ, ಮೂಲೆಗಳಲ್ಲಿ ಕಾಗದ ಇಣುಕ್ತಿದೆಯಾ ನೋಡಿ. ಗೀರೋದು ಮೈಯಿಂದ ಆಚೆಗೆ, ಬೇರೆ ಬೇರೆ ಜಾಗದಲ್ಲಿ, ಒಂದೇ ಕಡೆ ಗೀರಿದರೆ ಅಲ್ಲೇ ಬೋಳಾಗತ್ತೆ. ಖಾಲಿ ಆದ ಪೊಟ್ಟಣದ ಪಟ್ಟಿ ಇನ್ನೂ ಚೆನ್ನಾಗಿದ್ರೆ ಕತ್ತರಿಸಿ ಎತ್ತಿಡಿ, ಆದ್ರೆ ಕಡ್ಡಿಗಳ ಜೊತೆ ಒಂದೇ ಡಬ್ಬಿಯಲ್ಲಿ ಬೇಡ, ಬೇರೆ ಡಬ್ಬಿಯಲ್ಲಿ.