ಒಂದೇ ಹೊಲದಲ್ಲಿ ಮೂರು ತರ ರಾಗಿ: ಎಂಆರ್-6, ಎಂಎಲ್-365, ಗುಳಿ ನಾಟಿ

ಪುನರ್ವಸು ಮಳೆ ಹುಯ್ದ್ರೆ ಸಾಕು, ನಾಲ್ಕು ಜನ ನಮ್ಮನೆ ಜಗಲಿಗೆ ಬಂದು ಕೂತ್ಕೊಂಡು "ಈ ಸಲ ಯಾವ ರಾಗಿ ಹಾಕ್ಲಪ್ಪ" ಅಂತಾರೆ. ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡ್ತೀನಿ. ನಮ್ದು ತುಮಕೂರು ಕಡೆ, ಕೆಂಪು ಮಣ್ಣು, ಮಳೆ ನಂಬಿರೋ ಹೊಲ. ಅರ್ಧ ಎಕರೆ ಎಂಆರ್-6 ಅನ್ನೋ ತಳಿ, ಅರ್ಧ ಎಕರೆ ಎಂಎಲ್-365 ಅನ್ನೋ ತಳಿ, ಎರಡೂ ಕೂರಿಗೆ ಬಿತ್ತನೆ, ಅಂದ್ರೆ ಸಾಲಾಗಿ ಬೀಜ ಬಿಡೋದು. ಇನ್ನೊಂದು 10 ಗುಂಟೆಗೆ ಜಿಪಿಯು-28 ತಳಿ, ಹಾವೇರಿ ಕಡೆಯೋರ ಗುಳಿ ಪದ್ಧತೀಲಿ, ಅಂದ್ರೆ ಸಣ್ಣ ಗುಂಡಿ ತೆಗೆದು ಪೈರು ನೆಡೋದು. 2021ರಲ್ಲಿ ಒಂದ್ಸಲ, 2023ರಲ್ಲಿ ಇನ್ನೊಂದ್ಸಲ.

2021ರಲ್ಲಿ ಜುಲೈ ಮಧ್ಯದಲ್ಲಿ ಎರಡೂ ಒಂದೇ ದಿನ ಬಿತ್ತಿದ್ದು. ಎಂಎಲ್-365 ಹೆಚ್ಚು ಅಂದ್ರೆ 110 ದಿನ, ದೀಪಾವಳಿ ಹೊತ್ತಿಗೆ ಕುಯ್ದು ಮೆದೆ ಹಾಕಿ ಟಾರ್ಪಲ್ ಹೊದ್ದಿಸಿ ಆಗಿತ್ತು. ಎಂಆರ್-6ಗೆ 120 ದಿನದ ಮೇಲೆ ಬೇಕು, ಇನ್ನೇನು ಕುಯ್ಯೋಣ ಅನ್ನೋ ಹೊತ್ತಿಗೆ ನವೆಂಬರ್ ಮಳೆ ಹಿಡ್ಕೊಂಡ್ತು ನೋಡಿ, ಆಳುದ್ದ ಬೆಳೆದಿದ್ ಪೈರು ಚಾಪೆ ಹಾಸ್ದಂಗೆ ಮಲ್ಕೊಂಡು ತೆನೇಲೇ ಮೊಳಕೆ ಬಂತು. ಸಿಕ್ಕಿದ್ದಷ್ಟನ್ನ ಒಣಗಿಸಿ ಹಿಟ್ಟು ಮಾಡಿಸಿದ್ವಿ, ಅಮ್ಮ ಎಷ್ಟು ತಿರುವಿದ್ರೂ ಮುದ್ದೆ ಕಟ್ಟೋಕೇ ಬರ್ಲಿಲ್ಲ, ಅಂಬಲಿ ತರ ನೀರಾಗೋದು. ಗುಳೀದು ಬೀಳ್ಲಿಲ್ಲ, ಬುಡ ಗಟ್ಟಿ ಇತ್ತು, ಆದ್ರೂ ಅಂಚಿನ ತೆನೆ ಸ್ವಲ್ಪ ಕಪ್ಪಾಯ್ತು.

2023 ಉಲ್ಟಾ. ಜೂನ್ ಕೈಕೊಟ್ತು, ಜುಲೈ ಕೊನೇಲಿ ಬಿತ್ತಿದ್ವಿ, ಆಗಸ್ಟ್ ಪೂರ್ತಿ ಒಣ. ದೇಶದಲ್ಲೇ 1901ರಿಂದ ಈಚೆಗೆ ಅಷ್ಟು ಕಮ್ಮಿ ಮಳೆಯ ಆಗಸ್ಟ್ ಇರ್ಲಿಲ್ವಂತೆ, ನಮ್ ರಾಜ್ಯದಲ್ಲಿ 236ರಲ್ಲಿ 223 ತಾಲ್ಲೂಕು ಬರ ಅಂತ ಘೋಷಣೆ ಆಯ್ತು. ಎಂಆರ್-6 ಮೊಣಕಾಲುದ್ದಕ್ಕೇ ಸುರುಟ್ಕೊಂಡು ನಿಂತ್ತು, ಅರ್ಧ ಕ್ವಿಂಟಲ್ ಕೂಡ ಆಗ್ಲಿಲ್ಲ, ದನಕ್ಕೆ ಬಿಟ್ವಿ. ಎಂಎಲ್-365 ಮಧ್ಯಾಹ್ನ ಬಾಡೋದು, ಬೆಳಗ್ಗೆ ಎದ್ದು ನೋಡಿದ್ರೆ ಮತ್ತೆ ನಿಂತಿರೋದು. ತೆನೆ ಗಿಡ್ಡ, ಆದ್ರೂ ಎರಡು ಕ್ವಿಂಟಲ್ ಬಂತು (ಒಳ್ಳೆ ವರ್ಷ ಆದ್ರೆ ಅದೇ ಜಾಗದಲ್ಲಿ ಐದಾರು).

ಇನ್ನ ಗುಳಿ. ಕೆಲಸ ಅಂದ್ರೆ ಕೆಲಸ ಕಣ್ರೀ. ಒಂದೂವರೆ ಅಡಿಗೊಂದು ಗುಳಿ, 10 ಗುಂಟೆಗೇ ಹತ್ರತ್ರ 4,800 ಗುಳಿ ಆಗುತ್ತೆ. ಪ್ರತಿ ಗುಳಿಗೂ ಒಂದು ಹಿಡಿ ಕೊಟ್ಟಿಗೆ ಗೊಬ್ಬರ, ಎರಡು ಪೈರು. ಆಮೇಲೆ ಪೈರು ಹತ್ತಿದ್ ಮೇಲೆ ಅದರ ಮೇಲೇ ಕೊರಡು (ಮರದ ದಿಮ್ಮಿ) ಎಳೀಬೇಕು. ಮೊದಲ್ನೇ ಸಲ ಎಳ್ದಾಗ ಪೈರೆಲ್ಲ ಮಲಗಿದ್ದು ನೋಡಿ ಅಪ್ಪ ಎರಡು ದಿನ ನನ್ ಹತ್ರ ಮಾತಾಡ್ಲಿಲ್ಲ. ವಾರಕ್ಕೆ ಎದ್ದು ಬುಡದಿಂದ ತೆಂಡೆ (ಹೊಸ ಕವಲು) ಒಡೀತು ನೋಡಿ, ಆಗ ಸುಮ್ನಾದ್ರು. ಆ ಬರದಲ್ಲಿ ಒಂದು ಟ್ಯಾಂಕರ್ ನೀರು ತರ್ಸಿ ಗುಳಿಗೊಂದು ಅರ್ಧ ಚೊಂಬಿನ ಲೆಕ್ಕದಲ್ಲಿ ಎರಡು ಸಲ ಹಾಕಿದ್ವಿ, ಕೂರಿಗೆ ಸಾಲಿಗೆ ಹಂಗೆ ಮಾಡೋಕಾಗುತ್ತಾ? 10 ಗುಂಟೇಲಿ ಎರಡು ಕ್ವಿಂಟಲ್, ಅಂದ್ರೆ ಅರ್ಧ ಎಕರೆ ಎಂಎಲ್ ಕೊಟ್ಟಷ್ಟೇ. ಆದ್ರೆ ಸೊಂಟ ಬಿದ್ದೋಯ್ತು, ಆಳಿಗೆ ಕೂಲಿ ಕೊಟ್ಟು ಮಾಡ್ಸೋದಾದ್ರೆ ಗಿಟ್ಟಲ್ಲ.

ಹಂಗಾಗಿ ಪುಷ್ಯ ಮಳೇಲಿ, ಅಂದ್ರೆ ಜುಲೈ ಕೊನೆ ಹೊತ್ತಿಗೆ ಬಿತ್ತೋರು ಎಂಆರ್-6 ಕಡೆ ತಿರುಗೂ ನೋಡ್ಬೇಡಿ, ಎಂಎಲ್-365 ಹಾಕಿ. ಮನೇಲಿ ಮೂರ್ನಾಲ್ಕು ಕೈ ಇದ್ದು ಎಲ್ಲಿಂದಾದ್ರೂ ಸ್ವಲ್ಪ ನೀರು ಸಿಗುತ್ತೆ ಅಂದ್ರೆ ಮನೆ ಊಟದ ಮಟ್ಟಿಗೆ ಒಂದು ತುಂಡು ಗುಳಿ ಮಾಡಿ. ಅಪ್ಪ ಮಾತ್ರ ಈಗ್ಲೂ ಬದುವಿನ ಪಕ್ಕ ನಾಲ್ಕು ಸಾಲು ಎಂಆರ್-6 ಬಿಡ್ತಾರೆ, ಹುಲ್ಲು ಚೆನ್ನಾಗಿ ಬರುತ್ತೆ ಅಂತ. ಹಸು ಹಾಲು ಕರೆಯೋರು ಅವ್ರೇ, ನಾನೇನೂ ಅನ್ನಲ್ಲ.