ಅಗ್ಗದ ಇಯರ್‌ಫೋನ್: ಮೊದಲು ಟಿಪ್, ಆಮೇಲೆ ತೀರ್ಪು

ಕಡಿಮೆ ಬೆಲೆಯ ಇನ್-ಇಯರ್ ಇಯರ್‌ಫೋನ್‌ಗಳ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ದೂರೆಂದರೆ ‘ಬೇಸ್ ಸಾಲದು, ದನಿ ತೆಳು’ ಎಂಬುದು. ಎಷ್ಟೋ ಸಲ ಈ ದೋಷ ಇಯರ್‌ಫೋನಿನದಲ್ಲ, ಅದರ ತುದಿಗೆ ಸಿಕ್ಕಿಸಿದ ಸಿಲಿಕೋನ್ ಟಿಪ್‌ನದು. ಕಿವಿಯ ನಾಳಕ್ಕೂ ಟಿಪ್‌ಗೂ ನಡುವೆ ಸಣ್ಣದೊಂದು ಸಂದು ಉಳಿದರೂ ಕೆಳಸ್ವರಗಳ ಒತ್ತಡ ಅಲ್ಲಿಂದ ಸೋರಿಹೋಗುತ್ತದೆ. ಮೇಲಿನ ಸ್ವರಗಳಿಗೆ ಹೆಚ್ಚೇನೂ ಆಗದ ಕಾರಣ ಒಟ್ಟು ದನಿ ಕೀರಲಾಗಿ ಕೇಳಿಸುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ತಬಲಾ ಇರುವ ಒಂದು ಧ್ವನಿಮುದ್ರಣವನ್ನು ಹಾಕಿ, ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿಯಬೇಕು. ಒತ್ತಿದಾಗ ಡಗ್ಗದ ಗುಂಕಾರ ಒಮ್ಮೆಲೇ ತುಂಬಿಕೊಂಡು, ಬೆರಳು ತೆಗೆದೊಡನೆ ಕುಗ್ಗಿದರೆ, ಬದಲಾಯಿಸಬೇಕಾದದ್ದು ಟಿಪ್. ಎರಡೂ ಕಿವಿಗಳ ಅಳತೆ ಒಂದೇ ಇರಬೇಕೆಂದಿಲ್ಲವಾದ್ದರಿಂದ ಒಂದು ಬದಿಗೆ ಮಧ್ಯಮ, ಇನ್ನೊಂದಕ್ಕೆ ದೊಡ್ಡ ಟಿಪ್ ಹಾಕಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. 2022ರಲ್ಲಿ ಬಂದ ಮೂನ್‌ಡ್ರಾಪ್ ಸಂಸ್ಥೆಯ ಚು ಮತ್ತು ಸೆವೆನ್ ಹರ್ಟ್ಜ್ ಸಂಸ್ಥೆಯ ಸಾಲ್‌ನೋಟ್ಸ್ ಝೀರೋ ಎಂಬ ಎರಡು ಮಾದರಿಗಳ ಕುರಿತ ಅಭಿಪ್ರಾಯಭೇದಗಳಲ್ಲಿ ಸಾಕಷ್ಟು ಪಾಲು, ಅವು ಯಾರ ಕಿವಿಯಲ್ಲಿ ಹೇಗೆ ಕೂತವು ಎಂಬುದಕ್ಕೆ ಸೇರಿದ್ದು ಎಂದು ನನ್ನ ಅನಿಸಿಕೆ. ಎರಡೂ ತಂತಿಯುಳ್ಳವು, ಎರಡರಲ್ಲೂ ಇರುವುದು 10 ಮಿಲಿಮೀಟರಿನ ಒಂದೇ ಒಂದು ಡೈನಮಿಕ್ ಡ್ರೈವರ್, ಅಂದರೆ ಸುರುಳಿ ಮತ್ತು ಪೊರೆಯಿಂದ ದನಿ ಹೊರಡಿಸುವ ಪುಟ್ಟ ಸ್ಪೀಕರ್. ಅಗ್ಗದ ಮಾದರಿಗಳ ಪೆಟ್ಟಿಗೆಯ ಮೇಲೆ ಡ್ರೈವರ್‌ಗಳ ಸಂಖ್ಯೆಯನ್ನೇ ದೊಡ್ಡಕ್ಷರದಲ್ಲಿ ಅಚ್ಚುಹಾಕುವ ರೂಢಿಯ ನಡುವೆ ಇವು ಹೆಸರು ಮಾಡಿದ್ದು ಸ್ವರಗಳ ಹದದಿಂದ. ನಾಲ್ಕು ಡ್ರೈವರ್‌ಗಳನ್ನು ಒಂದಕ್ಕೊಂದು ಹೊಂದಿಸುವುದಕ್ಕಿಂತ ಒಂದನ್ನು ಸರಿಯಾಗಿ ಪಳಗಿಸುವುದು ಅಗ್ಗ. ಕೇಳುವವರಿಗೆ ಲಾಭವೂ ಹೆಚ್ಚು.

ಹದ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ತೆರೆದ ಕಿವಿಯ ನಾಳವು ಸುಮಾರು 3 ಕಿಲೋಹರ್ಟ್ಜ್ ಆಸುಪಾಸಿನ ಶಬ್ದವನ್ನು ತಾನಾಗಿಯೇ ಎತ್ತಿ ಕೊಡುತ್ತದೆ. ನಾಳಕ್ಕೆ ಟಿಪ್ ತೂರಿಸಿ ಮುಚ್ಚಿದಾಗ ಈ ಸಹಜ ಏರಿಕೆ ಇಲ್ಲವಾಗುವುದರಿಂದ, ಇಯರ್‌ಫೋನ್ ಅದನ್ನು ತಾನೇ ತುಂಬಿಕೊಡಬೇಕಾಗುತ್ತದೆ. ಕಡಿಮೆ ತುಂಬಿದರೆ ಗಾಯಕಿ ಗೋಡೆಯಾಚೆ ನಿಂತು ಹಾಡಿದಂತಿರುತ್ತದೆ. ಹೆಚ್ಚು ತುಂಬಿದರೆ ಕಿರುಚಿದಂತಾಗುತ್ತದೆ. ಧ್ವನಿ ಉಪಕರಣಗಳನ್ನು ತಯಾರಿಸುವ ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಅವರ ಸಹೋದ್ಯೋಗಿಗಳು ಕೇಳುಗರ ಒಲವನ್ನು ಪರೀಕ್ಷಿಸಿ ರೂಪಿಸಿದ ಗುರಿರೇಖೆ (ಯಾವ ಸ್ವರ ಎಷ್ಟು ಜೋರಿರಬೇಕೆಂಬ ಮಾದರಿ ನಕ್ಷೆ) ಈ ಏರಿಕೆಯ ಪ್ರಮಾಣಕ್ಕೆ ಒಂದು ಅಂದಾಜು ಒದಗಿಸಿತು. ಚು ಮತ್ತು ಝೀರೋ ಎರಡೂ ಆ ರೇಖೆಗೆ ಹತ್ತಿರದಲ್ಲಿವೆ, ಬೇಸ್ ಮಾತ್ರ ಅದಕ್ಕಿಂತ ಕೆಳಗಿದೆ.

ಹೀಗಾಗಿ ಎರಡರಲ್ಲೂ ಮನುಷ್ಯಕಂಠವೇ ಮುಂದೆ ನಿಲ್ಲುತ್ತದೆ. ಝೀರೋದಲ್ಲಿ ವಯಲಿನ್ ಮತ್ತು ಕಂಠ ಒಂದೇ ಶ್ರುತಿಯಲ್ಲಿ ಜೊತೆಯಾಗಿ ಸಾಗುವಾಗಲೂ ಕಮಾನಿನ ಉಜ್ಜುವಿಕೆ ಬೇರೆಯಾಗಿ, ಉಸಿರು ಬೇರೆಯಾಗಿ ಕೇಳುತ್ತದೆ. ಈ ಬೆಲೆಯ ಪದಾರ್ಥದಿಂದ ಇಷ್ಟನ್ನು ನಿರೀಕ್ಷಿಸುವ ಕಾಲ ಹಿಂದೆ ಇರಲಿಲ್ಲ. ಚುವಿನ ಮೇಲುಸ್ವರಗಳಲ್ಲಿ ಹೊಳಪು ಇನ್ನೂ ಹೆಚ್ಚು. ಇದರಿಂದ ತಾಳ, ಸಿಂಬಲ್‌ಗಳ ಅನುರಣನ ಕೊನೆಯವರೆಗೆ ಕೇಳಿಸುತ್ತದೆ, ಆದರೆ ಮೈಕಿಗೆ ತೀರ ಹತ್ತಿರ ನಿಂತು ಹಾಡಿದ ಮುದ್ರಣಗಳಲ್ಲಿ ಸಕಾರ, ಶಕಾರಗಳು ಚುಚ್ಚುವುದೂ ಉಂಟು. ನೃತ್ಯಸಂಗೀತದ ಎದೆ ನಡುಗಿಸುವ ಬೇಸ್ ಬಯಸುವವರಿಗೆ ಎರಡೂ ಸಪ್ಪೆಯೆನಿಸುತ್ತವೆ. ಸ್ವರಗಳ ಮಟ್ಟ ಹೊಂದಿಸುವ ಈಕ್ವಲೈಜರಿನಲ್ಲಿ 100 ಹರ್ಟ್ಜ್‌ಗಿಂತ ಕೆಳಗಿನದನ್ನು ಮೂರು ನಾಲ್ಕು ಡೆಸಿಬೆಲ್ ಏರಿಸಿದರೆ ಕೊರತೆ ಬಹುಮಟ್ಟಿಗೆ ನೀಗುತ್ತದೆ, ಟಿಪ್ ಸರಿಯಾಗಿ ಕೂತಿದ್ದರೆ ಮಾತ್ರ. ಸೋರುವ ಟಿಪ್‌ಗೆ ಎಷ್ಟು ಬೇಸ್ ಸುರಿದರೂ ಅದು ಹೊರಗೇ ಹೋಗುತ್ತದೆ.

ದನಿಯಲ್ಲಿ ಇಷ್ಟು ಸಮೀಪವಿರುವಾಗ ಬೆಲೆಗೆ ತಕ್ಕ ಮೌಲ್ಯವನ್ನು ತೀರ್ಮಾನಿಸುವುದು ಕೇಬಲ್. ಇಯರ್‌ಫೋನ್‌ಗಳಲ್ಲಿ ಡ್ರೈವರ್ ಕೆಡುವುದಕ್ಕಿಂತ ಮೊದಲು ತಂತಿ ಕೈಕೊಡುತ್ತದೆ, ಅದೂ ಸಾಮಾನ್ಯವಾಗಿ ಪ್ಲಗ್ಗಿನ ಕುತ್ತಿಗೆಯಲ್ಲಿ. ಚುವಿನ ಮೊದಲ ಆವೃತ್ತಿಯ ಕೇಬಲ್ ಬಿಚ್ಚಲಾಗದಂಥದ್ದು, ಆದ್ದರಿಂದ ತಂತಿ ತುಂಡಾದ ದಿನ ಅದರ ಸೊಗಸಾದ ಲೋಹದ ಕವಚವೂ ನಿರುಪಯುಕ್ತ. ಝೀರೋದಲ್ಲಿ 0.78 ಮಿಲಿಮೀಟರಿನ ಎರಡು ಪಿನ್‌ಗಳ, ಬಿಚ್ಚಿ ಹಾಕಬಹುದಾದ ಕೇಬಲ್ ಇದೆ. 2023ರ ಚು-2 ಕೂಡ ಇದೇ ಬಗೆಯ ಪಿನ್ನಿಗೆ ಬದಲಾಯಿತು. ಈ ಒಂದು ಕಾರಣಕ್ಕೇ ಹಳೆಯ ಚುವನ್ನು ಈಗ ಹುಡುಕಿ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಪ್ರತ್ಯೇಕ ಆಂಪ್ಲಿಫೈಯರ್ ಬೇಕೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ಬೇಡ. ಝೀರೋದ ವಿದ್ಯುತ್ ತಡೆ (ಇಂಪಿಡೆನ್ಸ್) 32 ಓಮ್ ಮಾತ್ರ, ಸಾಧಾರಣ ಫೋನೇ ಅದನ್ನು ಸಾಕಷ್ಟು ಜೋರಾಗಿ ನುಡಿಸುತ್ತದೆ. ಫೋನಿನಲ್ಲಿ 3.5 ಮಿಲಿಮೀಟರಿನ ಜಾಕ್ ಇಲ್ಲದವರು ಮಾತ್ರ ಯುಎಸ್‌ಬಿ-ಸಿ ಅಡಾಪ್ಟರಿನ ಖರ್ಚನ್ನು ಇಯರ್‌ಫೋನಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಬೇಕು. ಹಾಗೆ ಸೇರಿಸಿದ ಮೇಲೂ, ಅದೇ ಹಣಕ್ಕೆ ಸಿಗುವ ವೈರ್‌ಲೆಸ್ ಜೋಡಿಗಿಂತ ಇವುಗಳ ದನಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಬ್ಯಾಟರಿ, ಬ್ಲೂಟೂತ್ ಚಿಪ್, ಚಾರ್ಜಿಂಗ್ ಪೆಟ್ಟಿಗೆ ಎಲ್ಲಕ್ಕೂ ಬೆಲೆಯಲ್ಲಿ ಪಾಲು ಹೋಗುತ್ತದೆ, ಬ್ಯಾಟರಿ ಸೊರಗಿದ ಮೇಲೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಉಪಯೋಗವಿಲ್ಲ. ಓಡುತ್ತ ಕೇಳುವವರಿಗೆ ಈ ವಾದ ಹಿಡಿಸದು, ಹಿಡಿಸಬೇಕಾಗಿಯೂ ಇಲ್ಲ: ತಂತಿ ಬಟ್ಟೆಗೆ ಉಜ್ಜಿದಾಗ ಏಳುವ ಸದ್ದು ನೇರವಾಗಿ ಕಿವಿಗೆ ಬರುತ್ತದೆ. ಕೇಬಲನ್ನು ಕಿವಿಯ ಮೇಲಿಂದ ಸುತ್ತಿ ಇಳಿಬಿಡುವ ಈ ಮಾದರಿಗಳಲ್ಲಿ ಆ ಕಿರಿಕಿರಿ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಟಿಪ್ ಸರಿಯಾಗಿ ಕೂರುವುದರಿಂದ ಹೊರಗಿನ ಗದ್ದಲ ತಡೆಯಲ್ಪಟ್ಟು ವಾಲ್ಯೂಮನ್ನು ಇಳಿಸಬಹುದು ಎಂಬುದು ಇನ್ನೊಂದು ಲಾಭ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳುವುದು ಸುರಕ್ಷಿತ. 90 ಡೆಸಿಬೆಲ್‌ಗೆ ಏರಿಸಿದರೆ ಆ ಅವಧಿ ನಾಲ್ಕು ಗಂಟೆಗೆ ಇಳಿಯುತ್ತದೆ.

ಈ ಮೂರರಲ್ಲಿ ನನ್ನ ಆಯ್ಕೆ ಝೀರೋ. ಆದರೆ ಟಿಪ್ ಸಿಕ್ಕಿಸುವ ಅದರ ನಳಿಗೆ ತುಸು ದಪ್ಪವಾದ್ದರಿಂದ ಕಿರಿದಾದ ಕಿವಿಯವರಿಗೆ ಚು-2 ಹೆಚ್ಚು ಹೊತ್ತು ಹಿತವಾಗಿ ಕೂತೀತು. ಯಾವುದನ್ನು ಕೊಂಡರೂ ಒಂದು ಬದಿಯ ದನಿ ಕ್ರಮೇಣ ತಗ್ಗುತ್ತಿದೆ ಎನಿಸಿದಾಗ ಡ್ರೈವರ್ ಹೋಯಿತೆಂದು ಎಸೆಯುವ ಮುನ್ನ ನಳಿಗೆಯ ಬಾಯಿಯ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿ ಕಿವಿಯ ಗುಗ್ಗೆ ಕಟ್ಟಿದ್ದರೆ ಜಾಲರಿಯನ್ನು ಕೆಳಮುಖವಾಗಿ ಹಿಡಿದು ಒಣ, ಮೆದು ಬ್ರಷ್ಷಿನಿಂದ ಉಜ್ಜಿದರೆ ಸಾಕು.