ಸಿಪ್ಯಾಪ್ ಯಂತ್ರ: ಉಸಿರಿನ ಚಿಕಿತ್ಸೆಯಿಂದ ಮನಸ್ಸಿಗೆ ಸಿಕ್ಕಿದ್ದು

ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ, ಅಂದರೆ ಸ್ಲೀಪ್ ಆಪ್ನಿಯಾಕ್ಕೆ, ವೈದ್ಯರು ಬರೆದುಕೊಡುವ ಸಿಪ್ಯಾಪ್ ಯಂತ್ರವನ್ನು ನಾನು ಕೆಲವು ವರ್ಷಗಳಿಂದ ಪ್ರತಿ ರಾತ್ರಿ ಬಳಸುತ್ತಿದ್ದೇನೆ. ನನ್ನಲ್ಲಿರುವುದು ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಆಟೋಸೆಟ್. ಬೆಳಗಿನ ನಡಿಗೆಯಲ್ಲಿ ಸಿಗುವ ಸ್ನೇಹಿತರೂ ಕಚೇರಿಯ ಸಹೋದ್ಯೋಗಿಗಳೂ ಇದನ್ನು ಕೊಳ್ಳಬಹುದೇ ಎಂದು ಆಗಾಗ ವಿಚಾರಿಸುವುದರಿಂದ ನನ್ನ ಅನುಭವವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಮನಸ್ಸಿನ ನೆಮ್ಮದಿಗೆಂದು ನಾನು ಖರ್ಚು ಮಾಡಿದ ಹಣದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಹಾಸಿಗೆಯ ಪಕ್ಕದ ಮೇಜಿನ ಮೇಲಿರುವ ಈ ಪೆಟ್ಟಿಗೆ ಎಂಬುದೇ ನನ್ನ ಅಭಿಪ್ರಾಯ.

ಐವತ್ತು ಸಮೀಪಿಸುತ್ತಿದ್ದಂತೆ ನನಗೆ ಬದುಕಿನಲ್ಲಿ ಯಾವುದರ ಮೇಲೂ ಆಸಕ್ತಿ ಉಳಿದಿರಲಿಲ್ಲ. ಬೆಳಿಗ್ಗೆ ಏಳುವಾಗಲೇ ತಲೆ ಭಾರ, ಬಾಯಿ ಒಣಗಿರುತ್ತಿತ್ತು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಮಾತ್ರೆ ಬದಲಿಸಿದರೂ ಬಿಪಿ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಸಣ್ಣ ಮಾತಿಗೂ ಸಿಡುಕುತ್ತಿದ್ದೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಾರು ನಿಂತ ಕೂಡಲೇ ಕಣ್ಣು ಎಳೆಯುತ್ತಿತ್ತು. ಮದುವೆ ಮನೆಗಳಲ್ಲಿ ಕುರ್ಚಿಯಲ್ಲಿಯೇ ತೂಕಡಿಸುವುದನ್ನು ಕಂಡ ನೆಂಟರು 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎನ್ನುತ್ತಿದ್ದರು; ಆದರೆ ಆ ದಿನಗಳಲ್ಲಿ ನನಗಿದ್ದಷ್ಟು ಚಿಂತೆ ಹಿಂದೆಂದೂ ಇರಲಿಲ್ಲ. ಪ್ರಾಣಾಯಾಮದ ತರಗತಿಗೆ ಸೇರಿದೆ, ತುಮಕೂರು ರಸ್ತೆಯಾಚೆಗಿನ ಒಂದು ಧ್ಯಾನ ಶಿಬಿರಕ್ಕೂ ಹೋಗಿ ಬಂದೆ. ಕಣ್ಣು ಮುಚ್ಚಿ ಕುಳಿತರೆ ಧ್ಯಾನದ ಬದಲು ನಿದ್ದೆಯೇ ಬರುತ್ತಿತ್ತು. ಕೊನೆಗೆ ಖಿನ್ನತೆ ಇರಬಹುದೆಂದು ಮನೋವೈದ್ಯರೊಬ್ಬರನ್ನು ಕಂಡೆ.

ಅವರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡ ಮೇಲೆ, ಜೊತೆಗೆ ಬಂದಿದ್ದ ನನ್ನ ಹೆಂಡತಿಯ ಕಡೆ ತಿರುಗಿ, "ಇವರು ರಾತ್ರಿ ಹೇಗೆ ಮಲಗ್ತಾರಮ್ಮ?" ಎಂದು ಕೇಳಿದರು. "ಗೊರಕೆ ಜೋರು ಡಾಕ್ಟ್ರೇ, ಅದು ಅಭ್ಯಾಸವಾಗಿಹೋಗಿದೆ. ಆದರೆ ಗೊರಕೆ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಲ್ಲ, ಆಗ ಭಯವಾಗುತ್ತೆ. ಎದ್ದು ಕೂತು ಎದೆ ಮೇಲೆ ಕೈಯಿಟ್ಟು ನೋಡ್ತೀನಿ" ಎಂದಳು ಅವಳು. ಅವಳು ಹೀಗೆ ಎದ್ದು ಕೂರುತ್ತಿದ್ದಳೆಂಬುದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ವೈದ್ಯರು ಔಷಧಿ ಬರೆಯುವ ಮೊದಲು ನಿದ್ದೆಯ ಪರೀಕ್ಷೆಗೆ ಕಳುಹಿಸಿದರು.

ಪಾಲಿಸೋಮ್ನೋಗ್ರಫಿ ಎಂಬ ಈ ಪರೀಕ್ಷೆಗೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಬೇಕು. ತಲೆಗೆ ಮೆದುಳಿನ ಅಲೆಗಳನ್ನು ದಾಖಲಿಸುವ ತಂತಿಗಳು, ಮೂಗಿನ ಕೆಳಗೆ ಗಾಳಿಯ ಹರಿವನ್ನು ಅಳೆಯುವ ಕೊಳವೆ, ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ, ಬೆರಳಿಗೆ ಆಮ್ಲಜನಕದ ಕ್ಲಿಪ್. ಇಷ್ಟೆಲ್ಲ ಅಂಟಿಸಿಕೊಂಡು ನಿದ್ದೆ ಬರುವುದೇ ಎಂಬ ಅಳುಕು ಎಲ್ಲರಿಗೂ ಇರುತ್ತದೆ, ಆದರೆ ಈ ಕಾಯಿಲೆ ಇರುವವರಿಗೆ ಸಾಮಾನ್ಯವಾಗಿ ಬರುತ್ತದೆ. ನಗರದಲ್ಲಿ ನಿಮ್ಹಾನ್ಸ್ ಸೇರಿದಂತೆ ಹಲವು ದೊಡ್ಡ ಆಸ್ಪತ್ರೆಗಳಲ್ಲಿ ಸ್ಲೀಪ್ ಲ್ಯಾಬ್ ಇದೆ. ಕೆಲವರಿಗೆ ಮನೆಯಲ್ಲಿಯೇ ಮಾಡುವ ಸರಳ ಪರೀಕ್ಷೆಯೂ ಸಾಕಾಗುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ನಿಲ್ಲುವುದನ್ನೂ ಗಣನೀಯವಾಗಿ ಕುಗ್ಗುವುದನ್ನೂ ಎಣಿಸಿ, ಗಂಟೆಗೆ ಸರಾಸರಿ ಎಷ್ಟು ಸಲ ಹಾಗಾಯಿತೆಂದು ಲೆಕ್ಕ ಹಾಕಿದರೆ ಬರುವ ಸಂಖ್ಯೆಯೇ ಎಎಚ್‌ಐ. ಅದು 5ಕ್ಕಿಂತ ಕಡಿಮೆ ಇದ್ದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದನ್ನು ಮೀರಿದರೆ ತೀವ್ರ. ನನ್ನದು 38 ಇತ್ತು, ರಕ್ತದ ಆಮ್ಲಜನಕ ಒಂದು ಹಂತದಲ್ಲಿ ಶೇಕಡಾ 76ಕ್ಕೆ ಇಳಿದಿತ್ತು. ಗಂಟಲಿನ ಸ್ನಾಯುಗಳು ನಿದ್ದೆಯಲ್ಲಿ ಸಡಿಲಗೊಂಡು ಗಾಳಿಯ ದಾರಿ ಮುಚ್ಚಿಕೊಂಡಾಗಲೆಲ್ಲ ಮೆದುಳು ದೇಹವನ್ನು ಅರೆ ಎಚ್ಚರಕ್ಕೆ ಎಳೆದು ತರುತ್ತದೆ; ಬೆಳಿಗ್ಗೆ ಅದರ ನೆನಪು ಇರುವುದಿಲ್ಲ, ದಣಿವು ಮಾತ್ರ ಉಳಿದಿರುತ್ತದೆ. ಹಾಗೆ ಉಸಿರಿಗಾಗಿ ಹೆಣಗುವಾಗ ಹೃದಯದ ಮೇಲೆ ಬೀಳುವ ಎಳೆತದಿಂದ ಮೂತ್ರವನ್ನು ಹೆಚ್ಚಿಸುವ ಹಾರ್ಮೋನು ಬಿಡುಗಡೆಯಾಗುತ್ತದೆಂದು ವೈದ್ಯರು ವಿವರಿಸಿದಾಗ ನನ್ನ ರಾತ್ರಿಯ ಓಡಾಟಕ್ಕೂ ಕಾರಣ ಸಿಕ್ಕಿತು.

ಯಂತ್ರದ ಕೆಲಸ ಬಹಳ ಸರಳ. ಅದು ಆಮ್ಲಜನಕ ಕೊಡುವ ಸಾಧನವಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸ್ವಲ್ಪ ಒತ್ತಡದಲ್ಲಿ ಕೊಳವೆಯ ಮೂಲಕ ಮಾಸ್ಕಿಗೆ ಕಳುಹಿಸಿ, ಗಂಟಲಿನ ದಾರಿ ಮುಚ್ಚಿಕೊಳ್ಳದಂತೆ ತೆರೆದಿಡುತ್ತದೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಐದು ರೋಗಿಗಳ ಮೇಲೆ ಈ ವಿಧಾನವನ್ನು ಪ್ರಯೋಗಿಸಿ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದನ್ನು ಮಾರುಕಟ್ಟೆಗೆ ತರಲೆಂದು 1989ರಲ್ಲಿ ಆರಂಭವಾದ ಕಂಪನಿಯೇ ಮುಂದೆ ರೆಸ್‌ಮೆಡ್ ಆಯಿತು. ನನ್ನ ಯಂತ್ರ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದವರೆಗೆ (ಈ ಯಂತ್ರಗಳ ಗಾಳಿಯ ಒತ್ತಡವನ್ನು ಹೀಗೆ ಅಳೆಯುತ್ತಾರೆ) ಕೆಲಸ ಮಾಡುತ್ತದೆ, ಮಗ್ಗುಲು ಬದಲಿಸಿದಾಗಲೂ ಮೂಗು ಕಟ್ಟಿದಾಗಲೂ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಆರಂಭದಲ್ಲಿ ಕಡಿಮೆ ಒತ್ತಡದಿಂದ ಶುರುವಾಗಿ ನಿದ್ದೆ ಹತ್ತಿದ ಮೇಲೆ ಏರುವ ವ್ಯವಸ್ಥೆಯೂ, ಉಸಿರು ಬಿಡುವಾಗ ಒತ್ತಡ ತುಸು ತಗ್ಗುವ ವ್ಯವಸ್ಥೆಯೂ ಇದರಲ್ಲಿವೆ. ಹೊಸಬರಿಗೆ ಇವೆರಡೂ ದೊಡ್ಡ ಆಸರೆ. ಸದ್ದು 27 ಡೆಸಿಬಲ್‌ನಷ್ಟು. ಗೊರಕೆ ಕೇಳಿ ಕೇಳಿ ಬೇಸತ್ತ ಮನೆಯವರಿಗೆ ಅದು ಸದ್ದೇ ಅಲ್ಲ.

ಕಷ್ಟವಿರುವುದು ಮಾಸ್ಕಿನಲ್ಲಿ. ಯಂತ್ರವನ್ನು ಕೊಂಡು ಅಟ್ಟಕ್ಕೆ ಏರಿಸಿದವರನ್ನು ವಿಚಾರಿಸಿ ನೋಡಿ, ಬಹುಪಾಲು ಮಂದಿ ಮಾಸ್ಕಿನಿಂದಲೇ ಸೋತಿರುತ್ತಾರೆ. ಮೂಗಿನ ಹೊಳ್ಳೆಗಷ್ಟೇ ಕೂರುವುದು, ಮೂಗನ್ನು ಮುಚ್ಚುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆಗಳಿವೆ. ನನಗೆ ಮೊದಲು ಮಾರಿದವರು ಮುಖದ ಅಳತೆಯನ್ನೇ ತೆಗೆಯದೆ ದೊಡ್ಡ ಮಾಸ್ಕನ್ನು ಕೊಟ್ಟು ಹೋದರು. ಮೀಸೆಯ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಬೀಸುತ್ತಿತ್ತು. ಸೋರಿಕೆ ತಡೆಯಲೆಂದು ಪಟ್ಟಿಯನ್ನು ಬಿಗಿದರೆ ಬೆಳಿಗ್ಗೆ ಮೂಗಿನ ಸೇತುವೆಯ ಮೇಲೆ ಕೆಂಪು ಬರೆ ಎದ್ದಿರುತ್ತಿತ್ತು. ಆಸ್ಪತ್ರೆಯ ತಂತ್ರಜ್ಞೆಯೊಬ್ಬರು ನನ್ನನ್ನು ಮಲಗಿಸಿ, ಯಂತ್ರ ಓಡುತ್ತಿರುವಾಗಲೇ ಒಂದೊಂದನ್ನೂ ಹಾಕಿ ನೋಡಿ, ಮೂಗಿನ ಮಧ್ಯಮ ಗಾತ್ರದ ಮಾಸ್ಕನ್ನು ಆರಿಸಿಕೊಟ್ಟರು. ಕುಳಿತಾಗ ಸರಿಯಾಗಿ ಕೂರುವ ಮಾಸ್ಕು ಮಲಗಿದಾಗ ಕೆನ್ನೆ ಜಾರಿ ಸೋರುತ್ತದೆ, ಆದ್ದರಿಂದ ಮಲಗಿಯೇ ನೋಡಬೇಕು ಎಂದು ಅವರು ಹೇಳಿದ ಮಾತು ನನ್ನ ಪಾಲಿಗೆ ಯಂತ್ರದಷ್ಟೇ ಉಪಕಾರ ಮಾಡಿದೆ. ಉಸಿರುಗಟ್ಟಿದಂತಾಗುವ ಭಯ ಇರುವವರು ಹಗಲು ಪೇಪರ್ ಓದುತ್ತಲೋ ಟೀವಿ ನೋಡುತ್ತಲೋ ಹಾಕಿಕೊಂಡು ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಸಿಲಿಕೋನ್ ಕುಷನ್ನನ್ನು ದಿನವೂ ಸೌಮ್ಯ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಮುಖದ ಎಣ್ಣೆಯಂಶಕ್ಕೆ ಅದು ಬೇಗ ಹಾಳಾಗುತ್ತದೆ.

ಬೆಂಗಳೂರಿನವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಗಾಳಿಗೆ ತೇವ ಕೊಡುವ ಚಿಕ್ಕ ತೊಟ್ಟಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ನಮ್ಮ ಬೋರ್‌ವೆಲ್ ನೀರು ಹಾಕಿದರೆ ತಳದಲ್ಲಿ ಬಿಳಿಯ ಪದರ ಕಟ್ಟುತ್ತದೆ. ಡಿಸೆಂಬರ್ ಜನವರಿಯ ಚಳಿಯಲ್ಲಿ ತೇವ ಹೆಚ್ಚಿಟ್ಟರೆ ಕೊಳವೆಯೊಳಗೆ ಹನಿಗಟ್ಟಿ ನಡುರಾತ್ರಿ ಮೂಗಿಗೆ ನೀರು ಬರುತ್ತದೆ, ಅದಕ್ಕೆ ಬಿಸಿಯಾಗುವ ಕೊಳವೆ ಪ್ರತ್ಯೇಕವಾಗಿ ಸಿಗುತ್ತದೆ. ನಮ್ಮ ಮನೆ ದೊಡ್ಡ ರಸ್ತೆಗೆ ಹತ್ತಿರ; ಹಿಂಬದಿಯ ಬಿಳಿ ಫಿಲ್ಟರ್ ಕೆಲವೇ ವಾರಗಳಲ್ಲಿ ಬೂದು ಬಣ್ಣಕ್ಕೆ ತಿರುಗುವುದನ್ನು ನೋಡಿದ ಮೇಲೆ ಕಿಟಕಿಯ ಪಕ್ಕದಿಂದ ಯಂತ್ರವನ್ನು ಒಳಗೋಡೆಯ ಬದಿಗೆ ಸರಿಸಿದ್ದೇನೆ. ಯಂತ್ರದಲ್ಲಿ ಬ್ಯಾಟರಿ ಇರುವುದಿಲ್ಲವಾದ್ದರಿಂದ ಕರೆಂಟು ಹೋಗುವ ಬಡಾವಣೆಗಳಲ್ಲಿ ಮಲಗುವ ಕೋಣೆಯ ಪ್ಲಗ್ಗಿಗೆ ಯುಪಿಎಸ್ ಸಂಪರ್ಕ ಕೊಡಿಸಿಕೊಳ್ಳುವುದು ಉತ್ತಮ.

ಇನ್ನು ಫಲದ ವಿಚಾರ. ಒಂದೇ ರಾತ್ರಿಯಲ್ಲಿ ಬದುಕು ಬದಲಾಯಿತೆಂದು ಹೇಳುವವರಿದ್ದಾರೆ, ನನಗೆ ಹಾಗೆ ಆಗಲಿಲ್ಲ. ಮೊದಲು ಹೋದದ್ದು ರಾತ್ರಿ ಏಳುವ ತಾಪತ್ರಯ, ಆಮೇಲೆ ಬೆಳಗಿನ ತಲೆಭಾರ. ಸಿಡುಕು ಕಡಿಮೆಯಾದದ್ದನ್ನು ನನಗಿಂತ ಮೊದಲು ಗಮನಿಸಿದವಳು ಮಗಳು: "ಅಪ್ಪ, ಈಗೀಗ ನಿಮ್ಮ ಹತ್ತಿರ ಬಂದು ಕೂರಬೇಕು ಅನ್ಸತ್ತೆ" ಎಂದಳು. ಈಗ ಪರದೆಯ ಮೇಲೆ ನನ್ನ ಎಎಚ್‌ಐ 2-3ರ ಆಸುಪಾಸು ತೋರಿಸುತ್ತದೆ. ಮನೋವೈದ್ಯರು ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿ, ಖಿನ್ನತೆಗೆಂದು ಪ್ರತ್ಯೇಕ ಔಷಧಿ ನನಗೆ ಬೇಡವೆಂದರು. ಎಲ್ಲರ ಖಿನ್ನತೆಯೂ ಹೀಗೆಯೇ ಪರಿಹಾರವಾಗುತ್ತದೆಂದು ಇದರ ಅರ್ಥವಲ್ಲ, ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು. ಪ್ರಾಣಾಯಾಮ, ಧ್ಯಾನ ಎರಡನ್ನೂ ನಾನು ಈಗಲೂ ಬಿಟ್ಟಿಲ್ಲ. ವ್ಯತ್ಯಾಸವೆಂದರೆ ಈಗ ಕಣ್ಣು ಮುಚ್ಚಿದರೆ ಎಚ್ಚರವಾಗಿ ಕೂರಬಲ್ಲೆ. ಒಳಗೆ ಬರುವ ಯೋಚನೆಗಳನ್ನು ಗಮನಿಸಿ ಎಂದು ಗುರುಗಳು ಹೇಳುತ್ತಿದ್ದುದು ನನ್ನ ಅನುಭವಕ್ಕೆ ಬಂದದ್ದು ಮೆದುಳಿಗೆ ರಾತ್ರಿಯಿಡೀ ಆಮ್ಲಜನಕ ಸಿಗತೊಡಗಿದ ಮೇಲೆಯೇ. ಮನಸ್ಸಿಗೆ ನೆಮ್ಮದಿ ಇಲ್ಲವೆಂದು ದಣಿದಿರುವ, ಗೊರಕೆ ಹೊಡೆಯುವ ಯಾರೇ ಆದರೂ ಶಿಬಿರಕ್ಕೆ ಹೆಸರು ಬರೆಸುವ ಮೊದಲು ನಿದ್ದೆಯ ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬುದು ನನ್ನ ಮನಃಪೂರ್ವಕ ಕೋರಿಕೆ.

ಯಂತ್ರ ಬಳಸಿದರೆ ಹೃದಯಾಘಾತವೇ ಬರುವುದಿಲ್ಲವೆಂದು ಮಾರಾಟಗಾರರು ಹೇಳಿದರೆ ಪೂರ್ತಿ ನಂಬಬೇಡಿ. ಆಗಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,700ಕ್ಕೂ ಹೆಚ್ಚು ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಸೇವ್ ಅಧ್ಯಯನದಲ್ಲಿ ಅಂತಹ ಆಘಾತಗಳು ಕಡಿಮೆಯಾದದ್ದು ಕಂಡುಬರಲಿಲ್ಲ. ಅವರಲ್ಲಿ ಯಂತ್ರ ಪಡೆದವರು ರಾತ್ರಿಗೆ ಸರಾಸರಿ ಮೂರೂಕಾಲು ಗಂಟೆಯಷ್ಟೇ ಯಂತ್ರ ಬಳಸಿದ್ದರು ಎಂಬುದೂ ನಿಜ. ಆದರೆ ಅದೇ ಅಧ್ಯಯನದಲ್ಲಿ ಹಗಲಿನ ತೂಕಡಿಕೆ ಇಳಿದು, ಮನಸ್ಸಿನ ಸ್ಥಿತಿಯೂ ಬದುಕಿನ ಗುಣಮಟ್ಟವೂ ಸುಧಾರಿಸಿದ್ದವು. ನನ್ನ ಅನುಭವವೂ ಇದಕ್ಕೆ ಹೊಂದುತ್ತದೆ.

ಬೆಲೆ ಕಡಿಮೆಯೇನಲ್ಲ, ಮಾಸ್ಕ್ ಸೇರಿ ನನಗೆ 70,000 ರೂಪಾಯಿಯ ಹತ್ತಿರ ಬಿತ್ತು. ಸಿಜಿಎಚ್‌ಎಸ್ ಸೌಲಭ್ಯವಿರುವ ಕೇಂದ್ರ ಸರ್ಕಾರಿ ನೌಕರರಿಗೂ ನಿವೃತ್ತರಿಗೂ ನಿಗದಿತ ಮಿತಿಯೊಳಗೆ ಹಣ ವಾಪಸು ಸಿಗುತ್ತದೆ, ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಬಹುತೇಕ ಸಿಗುವುದಿಲ್ಲ. ಸೌಮ್ಯ ತೊಂದರೆ ಇರುವವರಿಗೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು ಸಾಕಾಗಬಹುದು, ಅದನ್ನು ವೈದ್ಯರೇ ನಿರ್ಧರಿಸಬೇಕು. ಹಳೆಯ ಯಂತ್ರ ಕೊಳ್ಳುವವರು ಎಚ್ಚರದಿಂದಿರಬೇಕು: ಒಳಗಿನ ಫೋಮ್ ಪುಡಿಯಾಗುವ ಕಾರಣಕ್ಕೆ ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ತನ್ನ ಹಲವು ಮಾದರಿಗಳನ್ನು ಹಿಂದಕ್ಕೆ ಕರೆದಿತ್ತು, ಅಂಥವು ಕೈ ಬದಲಾಯಿಸುತ್ತಾ ಬಂದಿರುವ ಸಾಧ್ಯತೆ ಇದೆ. ನಗರದ ಹಲವು ಡೀಲರುಗಳು ತಿಂಗಳ ಬಾಡಿಗೆಗೂ ಯಂತ್ರ ಕೊಡುತ್ತಾರೆ. ಮೊದಲು ಹಾಗೆ ತಂದು ಬಳಸಿ, ಮಾಸ್ಕ್ ಹೊಂದುವುದನ್ನು ಖಚಿತ ಮಾಡಿಕೊಂಡು, ಯಂತ್ರದ ಮೆಮೊರಿ ಕಾರ್ಡನ್ನು ವೈದ್ಯರಿಗೆ ತೋರಿಸಿ, ಅವರು ಸರಿಯೆಂದ ಮೇಲೆಯೇ ಹಣ ಕಟ್ಟಿ. ಬೇರೆ ಅಳತೆಯ ಮಾಸ್ಕನ್ನು ಬದಲಾಯಿಸಿಕೊಡಲು ಒಪ್ಪದ ಡೀಲರನ್ನು ಮಾತ್ರ ಆರಿಸಿಕೊಳ್ಳಬೇಡಿ.